ಚೀನಾದ ಮದುವೆಯಲ್ಲಿ ಬಿಳಿ ಗೌನು: ಅದು ಯಾರಿಗಾಗಿ ಬಂತು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಚೀನಾದ ಸೂಜೌ ನಗರದಲ್ಲಿರುವ ನಮ್ಮ ಸಹೋದ್ಯೋಗಿಯೊಬ್ಬಳು ಅಕ್ಟೋಬರಿನಲ್ಲಿ ನಡೆಯುವ ತನ್ನ ಮದುವೆಗೆ ಕರೆದಿದ್ದಾಳೆ. ಮದುವೆಗೆ ಇನ್ನೂ ನಾಲ್ಕು ತಿಂಗಳಿದೆ. ಆಗಲೇ ಬಿಳಿ ಗೌನು ತೊಟ್ಟು, ವರನೊಂದಿಗೆ ಚರ್ಚಿನ ಮುಂದೆ ನಿಂತಿರುವ ಫೋಟೊಗಳನ್ನು ಕಳಿಸಿದ್ದಾಳೆ. ಅವರಿಬ್ಬರೂ ಕ್ರೈಸ್ತರಲ್ಲ. ಅಲ್ಲಿ ಬಿಳಿ ಸೂತಕದ ಬಣ್ಣವೆಂದು ಓದಿದ್ದೇನೆ. ಇದೆಲ್ಲ ಪಾಶ್ಚಾತ್ಯರ ಅನುಕರಣೆಯಾದರೆ ಅಷ್ಟು ದೂರ ಹೋಗಿ ನೋಡುವುದೇನಿದೆ? ಹೋದರೆ ಏನು ಉಡಬೇಕು, ಏನು ಕೊಡಬೇಕು?

ಉತ್ತರ: ಹೋಗಿ ಬನ್ನಿ, ಅನುಮಾನವೇ ಬೇಡ. ಸೂಜೌ ಮತ್ತು ಶಾಂಘೈ ನಗರಗಳಲ್ಲಿ ದುಭಾಷಿಯಾಗಿ ಹದಿಮೂರು ವರ್ಷ ಇದ್ದವಳು ನಾನು. ಹೋದ ಮದುವೆಗಳ ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ಎರಡರಲ್ಲಿ ಮದುಮಗಳ ಗೆಳತಿಯರ ಸಾಲಿನಲ್ಲಿ ನಿಂತು, ಬೆಳಗಿನ ಜಾವದಿಂದ ರಾತ್ರಿಯವರೆಗೆ ಅವಳ ಪಕ್ಕದಲ್ಲೇ ಇದ್ದೆ. ನಿಮ್ಮ ಪ್ರಶ್ನೆಯೊಳಗಿನ ನಿರಾಸೆ ನನಗೆ ಅರ್ಥವಾಗುತ್ತದೆ. ಮೊದಲ ಸಲ ಅಲ್ಲಿನ ಮದುವೆಗೆ ಹೋದಾಗ ಹೋಟೆಲಿನ ಸಭಾಂಗಣದಲ್ಲಿ ಹೂವಿನ ಕಮಾನು, ಅಂತಸ್ತು ಅಂತಸ್ತಿನ ಕೇಕು, ಗಾಜಿನ ಲೋಟಗಳ ಗೋಪುರ ಇವನ್ನೆಲ್ಲ ನೋಡುತ್ತಾ, ಇದರಲ್ಲಿ ಚೀನಾ ಎಲ್ಲಿದೆ ಎಂದು ಕೇಳಿಕೊಂಡಿದ್ದೆ. ಚೀನಾ ಇತ್ತು. ನಾನು ಅಲ್ಲಿಗೆ ಸಂಜೆ ಹೋಗಿದ್ದೆ, ಅದು ಬೆಳಿಗ್ಗೆಯೇ ಬೇರೊಂದು ಮನೆಯಲ್ಲಿ ನಡೆದುಹೋಗಿತ್ತು.

ಮೊದಲು ಫೋಟೊದ ವಿಚಾರ ಮುಗಿಸೋಣ. ಅದಕ್ಕೆ ಅಲ್ಲಿ ಹುನ್‌ಶಾ ಝಾವ್ ಎನ್ನುತ್ತಾರೆ, ಮದುವೆ ಗೌನಿನ ಚಿತ್ರ ಎಂದು ಅರ್ಥ. ಮದುವೆಗೆ ತಿಂಗಳುಗಳ ಮೊದಲೇ ತೆಗೆಸುವುದು ರೂಢಿ. ಏಕೆಂದರೆ ಮದುವೆಯ ದಿನ ಆ ಚಿತ್ರಗಳು ಹೋಟೆಲಿನ ಬಾಗಿಲಲ್ಲಿ, ವೇದಿಕೆಯ ಪರದೆಯ ಮೇಲೆ, ಹೊಸ ಮನೆಯ ಮಂಚದ ಮೇಲಿನ ಗೋಡೆಯಲ್ಲಿ ಇರಲೇಬೇಕು. ಸ್ಟುಡಿಯೊದವರೇ ಗೌನು, ಸೂಟು, ಪ್ರಸಾಧನ ಎಲ್ಲವನ್ನೂ ಒದಗಿಸುತ್ತಾರೆ. ಒಂದೇ ದಿನದಲ್ಲಿ ಮೂರು ನಾಲ್ಕು ಬಾರಿ ಉಡುಪು ಬದಲಾಗುತ್ತದೆ. ಚರ್ಚು ಅಲ್ಲಿ ಹಿನ್ನೆಲೆ ಮಾತ್ರ. ಚಿಂಗ್‌ದಾವ್ ನಗರದಲ್ಲಿ ಜರ್ಮನ್ ಮಿಷನರಿಗಳು ಕಟ್ಟಿಸಿದ, 1934ರಲ್ಲಿ ಪೂರ್ಣಗೊಂಡ ಕ್ಯಾಥೊಲಿಕ್ ಚರ್ಚಿನ ಮುಂದಿನ ಚೌಕಕ್ಕೆ ಬಿಸಿಲಿರುವ ದಿನ ಹೋದರೆ ಎತ್ತ ನೋಡಿದರೂ ಗೌನು ಎತ್ತಿ ಹಿಡಿದು ನಡೆಯುವ ಮದುಮಕ್ಕಳೇ ಕಾಣುತ್ತಾರೆ. ಶಾಂಘೈ ಹೊರವಲಯದ ಸೊಂಗ್‌ಜಿಯಾಂಗ್‌ನಲ್ಲಿ ಇಂಗ್ಲೆಂಡಿನ ಪಟ್ಟಣವೊಂದರ ಹಾಗೆ ಕಟ್ಟಿದ ಥೇಮ್ಸ್ ಟೌನ್ ಎಂಬ ಬಡಾವಣೆ ಇದೆ. 2006ರಲ್ಲಿ ಮುಗಿದ ಆ ಬಡಾವಣೆಯಲ್ಲಿ ಬ್ರಿಸ್ಟಲ್ ನಗರದ ಚರ್ಚೊಂದರ ಮಾದರಿಯಲ್ಲಿ ಎದ್ದಿರುವ ಚರ್ಚು ಈ ಫೋಟೊಗಳಿಗಾಗಿಯೇ ಹೆಸರುವಾಸಿ. ನಿಮ್ಮ ಗೆಳತಿ ನಿಂತದ್ದು ಇಂಥದ್ದೇ ಒಂದು ಅಂಗಳದಲ್ಲಿ ಇರಬಹುದು. ನಮ್ಮ ಆರತಕ್ಷತೆಯಲ್ಲಿ ವರ ಸೂಟು ತೊಟ್ಟು ಕೇಕು ಕತ್ತರಿಸಿದರೆ ಯಾರೂ ಅವನ ಧರ್ಮವನ್ನು ಶಂಕಿಸುವುದಿಲ್ಲವಲ್ಲ, ಇದೂ ಹಾಗೆಯೇ.

ಬಿಳಿಯ ಬಗ್ಗೆ ನೀವು ಓದಿದ್ದು ನಿಜ. ಸಾವಿನ ಮನೆಯಲ್ಲಿ ಬಣ್ಣ ಹಾಕದ ನಾರುಬಟ್ಟೆ ಧರಿಸುವುದು ಅಲ್ಲಿನ ಹಳೆಯ ಪದ್ಧತಿ. ಕೆಂಪು ಶುಭದ ಬಣ್ಣ. ಹಾಗಿದ್ದೂ ಬಿಳಿ ಗೌನು ಒಳಗೆ ಬಂದದ್ದು ನೆನ್ನೆ ಮೊನ್ನೆಯಲ್ಲ. 1927ರ ಡಿಸೆಂಬರ್ 1ರಂದು ಶಾಂಘೈಯಲ್ಲಿ ಆಗಿನ ಸೇನಾನಾಯಕ, ಮುಂದೆ ದೇಶದ ಆಡಳಿತ ಹಿಡಿದ ಚಿಯಾಂಗ್ ಕೈ-ಶೆಕ್ ಮತ್ತು ಸೂಂಗ್ ಮೇ-ಲಿಂಗ್ ಮದುವೆಯಾದರು. ಮೊದಲು ವಧುವಿನ ಮನೆಯಲ್ಲಿ ಕ್ರೈಸ್ತ ವಿಧಿ, ಆಮೇಲೆ ಮೆಜೆಸ್ಟಿಕ್ ಹೋಟೆಲಿನಲ್ಲಿ ಸಾರ್ವಜನಿಕ ಸಮಾರಂಭ. ಬಿಳಿ ಗೌನು, ಉದ್ದನೆಯ ಮುಸುಕು ಧರಿಸಿದ್ದ ವಧು ಅಲ್ಲಿ ವರನೊಂದಿಗೆ ಚೀನಾ ಗಣರಾಜ್ಯದ ಸ್ಥಾಪಕ ಸನ್ ಯಾಟ್-ಸೆನ್‌ರ ಭಾವಚಿತ್ರಕ್ಕೆ ತಲೆಬಾಗಿದಳು. ಉಡುಪು ಪಶ್ಚಿಮದ್ದು, ಬಾಗಿದ ರೀತಿ ಚೀನಾದ್ದು. ಇವತ್ತಿನ ಮದುವೆಯ ಅಚ್ಚು ಆ ದಿನವೇ ಸಿದ್ಧವಾಗಿತ್ತು ಎನ್ನಿಸುತ್ತದೆ. ಆ ಬಿಳಿ ಗೌನು ಪಶ್ಚಿಮದಲ್ಲೂ ಅನಾದಿಯಿಂದ ಇದ್ದದ್ದಲ್ಲ. ರಾಣಿ ವಿಕ್ಟೋರಿಯಾ ತನ್ನ ಮದುವೆಗೆ ಬಿಳಿ ತೊಟ್ಟದ್ದು 1840ರಲ್ಲಿ, ಅಲ್ಲಿಂದಾಚೆಗೆ ಅದು ನಿಧಾನವಾಗಿ ವಾಡಿಕೆಯಾಯಿತು.

ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರ ನಂತರ ಗೌನು ಮರೆಯಾಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ (1966-76) ಮದುವೆಯೆಂದರೆ ಮಾವೊ ಚಿತ್ರಕ್ಕೆ ವಂದಿಸಿ, ನೆರೆಹೊರೆಗೆ ಮಿಠಾಯಿ ಹಂಚಿ, ಒಂದು ಥರ್ಮಾಸ್ ಫ್ಲಾಸ್ಕು, ಒಂದು ಬೇಸಿನ್ನು ಉಡುಗೊರೆ ಪಡೆಯುವುದಾಗಿತ್ತು. ಒಂದೇ ಬಗೆಯ ನೀಲಿ ಅಥವಾ ಬೂದು ಬಣ್ಣದ ಅಂಗಿ, ಎದೆಯ ಮೇಲೆ ಮಾವೊ ಬಿಲ್ಲೆ, ಅಂಗೈಯಗಲದ ಒಂದು ಕಪ್ಪು-ಬಿಳುಪು ಫೋಟೊ, ಅಷ್ಟೇ. 1980ರ ದಶಕದಲ್ಲಿ ಗೌನು ಮರಳಿತು, 90ರ ದಶಕದಲ್ಲಿ ತೈವಾನಿನ ಸ್ಟುಡಿಯೊಗಳ ಮಾದರಿ ಬಂದು ಅದೊಂದು ದೊಡ್ಡ ಉದ್ಯಮವಾಯಿತು. ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಆ ಬೂದು ಅಂಗಿಯ ಕಾಲದಲ್ಲಿ ಮದುವೆಯಾದ ಎಷ್ಟೋ ದಂಪತಿಗಳು ಎಪ್ಪತ್ತು ದಾಟಿದ ಮೇಲೆ ಸ್ಟುಡಿಯೊಗೆ ಹೋಗಿ ಗೌನು, ಸೂಟು ತೊಟ್ಟು ಮದುವೆಯ ಚಿತ್ರ ತೆಗೆಸಿಕೊಳ್ಳುತ್ತಾರೆ. ಸೂಜೌನಲ್ಲಿ ನನ್ನ ಮನೆಯ ಮೇಲಿನ ಮಹಡಿಯ ಅಜ್ಜಿ ಹಾಗೆ ತೆಗೆಸಿಕೊಂಡಿದ್ದರು. ಅಂಗೈಯಗಲದ ಹಳೆಯ ಚಿತ್ರವನ್ನು ಹೊಸ ಚಿತ್ರದ ಚೌಕಟ್ಟಿನ ಮೂಲೆಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದ್ದರು. ಅದನ್ನು ನೋಡಿದ ಮೇಲೆ ಅನುಕರಣೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಇನ್ನು ಮದುವೆಗೆ ಬರೋಣ. ಕಾನೂನಿನ ಪ್ರಕಾರ ನಿಮ್ಮ ಗೆಳತಿಯ ಮದುವೆ ಈಗಾಗಲೇ ಆಗಿಹೋಗಿರುವ ಸಾಧ್ಯತೆ ಹೆಚ್ಚು. ಚೀನಾದಲ್ಲಿ ನೋಂದಣಿ ಕಚೇರಿಗೆ ಹೋಗಿ, ಕೆಂಪು ಹಿನ್ನೆಲೆಯ ಜೋಡಿ ಫೋಟೊ ಅಂಟಿಸಿದ ಕೆಂಪು ಪುಸ್ತಿಕೆಯನ್ನು ಇಬ್ಬರೂ ಪಡೆದ ಕ್ಷಣದಿಂದ ಅವರು ಗಂಡ-ಹೆಂಡತಿ. ಹಿಂದೆ ಇದಕ್ಕೆ ಕೆಲಸದ ಸಂಸ್ಥೆಯಿಂದ ಪತ್ರ ಬೇಕಿತ್ತು, 2003ರಲ್ಲಿ ಅದು ತಪ್ಪಿತು. ಮೇ 20ರಂದು ಈ ಕಚೇರಿಗಳ ಮುಂದೆ ಉದ್ದನೆಯ ಸಾಲು ನಿಲ್ಲುತ್ತದೆ, ಏಕೆಂದರೆ ಐದು-ಎರಡು-ಸೊನ್ನೆಯನ್ನು ಚೀನೀ ಭಾಷೆಯಲ್ಲಿ ಓದಿದರೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬಂತೆ ಕೇಳಿಸುತ್ತದೆ. ಹೋಟೆಲಿನಲ್ಲಿ ನಡೆಯುವುದಕ್ಕೆ ಕಾನೂನಿನ ಹಂಗಿಲ್ಲ, ಪಾದ್ರಿಯೂ ಇರುವುದಿಲ್ಲ. ಹೀಗಾಗಿ ಅಲ್ಲಿ ನಡೆಯುವುದೆಲ್ಲ ಬಂಧುಬಳಗದ ಎದುರು, ಬಂಧುಬಳಗಕ್ಕಾಗಿ ನಡೆಯುವಂಥದ್ದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಅವಳನ್ನು ಒಂದು ಮಾತು ಕೇಳಿ ನೋಡಿ: ‘ಬೆಳಿಗ್ಗೆ ನಿಮ್ಮ ಮನೆಗೆ ಬರಬಹುದೇ?’ ಆಪ್ತಳಾದರೆ ಸಂತೋಷದಿಂದ ಕರೆಯುತ್ತಾಳೆ. ಆಗ ಮಾತ್ರ ನೀವು ಮದುವೆಯನ್ನು ಪೂರ್ತಿ ನೋಡುತ್ತೀರಿ.

ನಾನು ಗೆಳತಿಯಾಗಿ ನಿಂತ ಮೊದಲ ಮದುವೆಯ ಬೆಳಗು ಹೀಗಿತ್ತು. ಐದನೆಯ ಮಹಡಿಯ ಸಣ್ಣ ಮನೆ. ಬಾಗಿಲು, ಕಿಟಕಿ, ಫ್ರಿಜ್ಜು, ಎಲ್ಲದರ ಮೇಲೂ ಕೆಂಪು ಕಾಗದದಲ್ಲಿ ಕತ್ತರಿಸಿದ ಜೋಡಿ ಸಂತೋಷದ ಅಕ್ಷರ. ಮಂಚದ ಮೇಲೆ ಕೆಂಪು ಹಾಸು, ಅದರ ಮೇಲೆ ಒಣ ಬೋರೆಹಣ್ಣು, ಕಡಲೆಕಾಯಿ, ಲೋಂಗನ್ ಹಣ್ಣು, ತಾವರೆ ಬೀಜ. ಆ ನಾಲ್ಕರ ಹೆಸರುಗಳನ್ನು ಸಾಲಾಗಿ ಉಚ್ಚರಿಸಿದರೆ ‘ಬೇಗ ಒಳ್ಳೆಯ ಮಗುವಾಗಲಿ’ ಎಂಬ ಹಾರೈಕೆಯಾಗುತ್ತದೆ. ಮದುಮಗಳು ನಡುವೆ ಕೂತಿದ್ದಳು. ತೊಟ್ಟಿದ್ದು ಬಿಳಿ ಗೌನಲ್ಲ, ಚಿನ್ನದೆಳೆಯ ಕಸೂತಿಯ ಕೆಂಪು ಜಾಕೆಟ್ಟು ಮತ್ತು ಲಂಗ. ಗೌನು ಪ್ಲಾಸ್ಟಿಕ್ ಚೀಲದೊಳಗೆ ಬಾಗಿಲ ಹಿಂದೆ ತೂಗುತ್ತಿತ್ತು.

ವರನ ಕಡೆಯವರು ಮೆಟ್ಟಿಲು ಹತ್ತುವ ಸದ್ದು ಕೇಳಿದೊಡನೆ ನಾವು ಬಾಗಿಲಿಗೆ ಚಿಲಕ ಹಾಕಿದೆವು. ನಮ್ಮಲ್ಲಿ ಮದುಮಕ್ಕಳು ಮನೆಯೊಳಗೆ ಬರುವಾಗ ವರನ ಅಕ್ಕ-ತಂಗಿಯರು ಬಾಗಿಲು ತಡೆದು ಹೆಸರು ಹೇಳಿಸುತ್ತಾರಲ್ಲ, ಅಲ್ಲಿ ವಧುವಿನ ಗೆಳತಿಯರು ವರನನ್ನೇ ತಡೆಯುತ್ತಾರೆ. ಬಾಗಿಲ ಕೆಳಗಿನ ಸಂದಿಯಿಂದ ಸಣ್ಣ ಕೆಂಪು ಲಕೋಟೆಗಳು ಒಂದೊಂದಾಗಿ ಜಾರಿ ಬಂದವು. ಸಾಲದು ಎಂದೆವು, ಇನ್ನೂ ಬಂದವು. ಹಾಡು ಹಾಡಿಸಿದೆವು, ಮೊದಲು ಭೇಟಿಯಾದ ದಿನಾಂಕ ಕೇಳಿದೆವು. ಒಳಗೆ ಬಂದ ಮೇಲೂ ಬಿಡುಗಡೆಯಿಲ್ಲ. ಮದುಮಗಳ ಒಂದು ಕೆಂಪು ಚಪ್ಪಲಿಯನ್ನು ನಾನೇ ದಿಂಬಿನ ಗವಸಿನೊಳಗೆ ಬಚ್ಚಿಟ್ಟಿದ್ದೆ. ವರ ಕಪಾಟು, ಪರದೆ, ಹಾಸಿಗೆಯ ಅಡಿ ಎಲ್ಲ ತಡಕಾಡಿ, ಕೊನೆಗೆ ಸಿಕ್ಕಿದಾಗ ಮೊಣಕಾಲೂರಿ ಅವಳ ಕಾಲಿಗೆ ತೊಡಿಸಿದ.

ಆಮೇಲೆ ಮನೆಯಲ್ಲಿ ಸದ್ದಡಗಿತು. ಅಪ್ಪ-ಅಮ್ಮ ಸೋಫಾದ ಮೇಲೆ ಪಕ್ಕಪಕ್ಕ ಕುಳಿತರು. ವರ ಎರಡೂ ಕೈಯಲ್ಲಿ ಚಹಾ ಬಟ್ಟಲು ಹಿಡಿದು ಬಾಗಿ, ಮೊದಲ ಬಾರಿಗೆ ಅವರನ್ನು ‘ಅಪ್ಪ’, ‘ಅಮ್ಮ’ ಎಂದು ಕರೆದ. ಈ ವಿಧಿಗೆ ಗೈಕೌ ಎಂದು ಹೆಸರು, ಕರೆಯುವ ಮಾತನ್ನು ಬದಲಿಸುವುದು ಎಂದು ಅರ್ಥ. ಅಲ್ಲಿಯವರೆಗೆ ಅವರು ಅವನಿಗೆ ‘ಚಿಕ್ಕಪ್ಪ’, ‘ಅತ್ತೆ’ ಎಂಬಂಥ ಸಾಮಾನ್ಯ ಮರ್ಯಾದೆಯ ಹೆಸರುಗಳು. ಅತ್ತೆ-ಮಾವ ಒಂದು ಗುಟುಕು ಕುಡಿದು, ದಪ್ಪನೆಯ ಕೆಂಪು ಲಕೋಟೆ ಕೊಟ್ಟು, ‘ಹೂಂ’ ಎಂದು ಓಗೊಟ್ಟರು. ನನ್ನ ಕಣ್ಣಿಗೆ ಚೀನಾದ ಮದುವೆ ಆಗುವುದು ಆ ಓಗೊಡುವಿಕೆಯಲ್ಲಿ. ಮಧ್ಯಾಹ್ನ ವರನ ಮನೆಯಲ್ಲಿ ಸೊಸೆ ಇದೇ ರೀತಿ ಚಹಾ ಕೊಟ್ಟಳು. ಗೌನು ಚೀಲದಿಂದ ಹೊರಬಂದದ್ದು ಅದೆಲ್ಲ ಮುಗಿದ ಮೇಲೆ.

ಈಗ ಸಂಜೆಯ ಬಿಳಿ ಭಾಗ. ಸೂಜೌ, ಶಾಂಘೈ ಕಡೆ ಊಟದ ಸಮಾರಂಭ ಹೆಚ್ಚಾಗಿ ಸಂಜೆ, ಉತ್ತರದಲ್ಲಿ ಮಧ್ಯಾಹ್ನದೊಳಗೆ. ಶುರುವಾಗುವ ಗಳಿಗೆ 5:58 ಅಥವಾ 6:08 ಎಂದು ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಮುದ್ರಣದೋಷವೆಂದು ತಿಳಿಯಬೇಡಿ, ಎಂಟು ಸಮೃದ್ಧಿಯ ಅಂಕಿ. ದೀಪಗಳು ಆರುತ್ತವೆ. ಸಿಯಿ ಎಂಬ ನಿರೂಪಕ ಮೈಕು ಹಿಡಿದು ಎಲ್ಲವನ್ನೂ ನಡೆಸುತ್ತಾನೆ. ವಾಗ್ನರ್‌ನ ಮದುವೆಯ ಮೆರವಣಿಗೆ ಸಂಗೀತದೊಂದಿಗೆ ಬಾಗಿಲು ತೆರೆಯುತ್ತದೆ. ಅಪ್ಪನ ತೋಳು ಹಿಡಿದು ಮಗಳು ಬರುತ್ತಾಳೆ.

ಇಲ್ಲಿ ದಯವಿಟ್ಟು ಕ್ಯಾಮೆರಾ ಕೆಳಗಿಟ್ಟು ನೋಡಿ, ಏಕೆಂದರೆ ನಾವು ಕನ್ನಡಿಗರು ತಪ್ಪಾಗಿ ನೋಡುವುದು ಇದನ್ನೇ. ನಮಗೆ ಅಪ್ಪ ಮಗಳ ಕೈಯನ್ನು ವರನ ಕೈಯಲ್ಲಿಡುವುದು ಹೊಸತೇನಲ್ಲ, ನಮ್ಮ ಮದುವೆಯ ನಡುಮನೆಯೇ ಧಾರೆ. ಆದ್ದರಿಂದ ‘ಎಲ್ಲ ಕಡೆಯೂ ಹೀಗೆಯೇ’ ಎಂದುಕೊಂಡು ಕಣ್ಣು ಬೇರೆಡೆಗೆ ಹೊರಳಿಸುತ್ತೇವೆ. ಆದರೆ ಚೀನಾದ ಹಳೆಯ ಪದ್ಧತಿಯಲ್ಲಿ ಅಪ್ಪನಿಗೆ ಆ ಜಾಗವೇ ಇರಲಿಲ್ಲ. ಮಗಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಕಳಿಸಿಕೊಟ್ಟ ಮೇಲೆ ಹೆತ್ತವರು ಮನೆಯಲ್ಲೇ ಉಳಿಯುತ್ತಿದ್ದರು. ವರನ ಮನೆಯಲ್ಲಿ ಅವಳು ಭೂಮಿ-ಆಕಾಶಕ್ಕೆ ಬಾಗುವಾಗ, ವರನ ತಂದೆ-ತಾಯಿಗೆ ಬಾಗುವಾಗ, ಗಂಡನಿಗೆ ಎದುರಾಗಿ ಬಾಗುವಾಗ ಅವಳನ್ನು ಹೆತ್ತವರು ಅಲ್ಲಿರುತ್ತಿರಲಿಲ್ಲ. ಮೂರನೆಯ ದಿನ ತವರಿಗೆ ಬಂದಾಗಲೇ ಅವರಿಗೆ ಮಗಳ ಮುಖ ಕಾಣುತ್ತಿದ್ದದ್ದು. ಕೊಟ್ಟ ಮಗಳು ಚೆಲ್ಲಿದ ನೀರು ಎಂಬುದು ಅವರ ಗಾದೆ. ಕೆಲವು ಕಡೆ ಮಗಳ ಗಾಡಿ ಹೊರಟ ಮೇಲೆ ನಿಜವಾಗಿಯೂ ಒಂದು ಬೋಗುಣಿ ನೀರನ್ನು ಹಿಂದಿನಿಂದ ಚೆಲ್ಲುತ್ತಾರೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ನಮ್ಮವರೂ ಹೇಳಿದ್ದಾರೆ. ಆದರೆ ನಮ್ಮಲ್ಲಿ ನೀರು ಕೈಯಿಂದ ಕೈಗೆ ಎರೆಯುವಾಗ ಅಪ್ಪ-ಅಮ್ಮ ಮಗಳ ಪಕ್ಕದಲ್ಲಿ ನಿಂತಿರುತ್ತಾರೆ.

ಹೀಗಿರುವಾಗ ಚರ್ಚಿನಿಂದ ಬಂದ ಆ ನಡಿಗೆಯನ್ನು ಚೀನಾದ ಕುಟುಂಬಗಳು ಇಷ್ಟು ಬಿಗಿಯಾಗಿ ಹಿಡಿದುಕೊಂಡದ್ದು ಏಕೆ? ನನ್ನ ಅಭಿಪ್ರಾಯದಲ್ಲಿ ಉತ್ತರ ಅವರ ಮನೆಗಳಲ್ಲಿದೆ. 1980ರ ಸೆಪ್ಟೆಂಬರಿನಿಂದ 2015ರ ಕೊನೆಯವರೆಗೆ ಅಲ್ಲಿ ಒಂದೇ ಮಗುವಿನ ನೀತಿ ಇತ್ತು. ಎಷ್ಟೋ ಪ್ರಾಂತ್ಯಗಳ ಹಳ್ಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಎರಡನೆಯದಕ್ಕೆ ಅವಕಾಶ ಕೊಟ್ಟರು, ಆದರೆ ಸೂಜೌ ಇರುವ ಜಿಯಾಂಗ್ಸು ಪ್ರಾಂತ್ಯದಲ್ಲಿ ಹಳ್ಳಿಗೂ ಪಟ್ಟಣಕ್ಕೂ ನಿಯಮ ಬಿಗಿಯಾಗಿಯೇ ಇತ್ತು. ಹಾಗಾಗಿ ಆ ಕಾಲದಲ್ಲಿ ಹುಟ್ಟಿದ ವಧುವೆಂದರೆ ಹೆಚ್ಚಿನಂಶ ಒಬ್ಬಳೇ ಮಗಳು. ಅವಳನ್ನು ಚೆಲ್ಲಿದ ನೀರು ಎಂದುಕೊಳ್ಳಲು ಯಾವ ಅಪ್ಪನಿಂದ ಸಾಧ್ಯ? ಹಳೆಯ ವಿಧಿಯಲ್ಲಿ ಅವನ ಸಂಕಟಕ್ಕೆ ಸ್ಥಳವಿರಲಿಲ್ಲ, ಎರವಲು ತಂದ ವಿಧಿ ಅವನಿಗೆ ಹದಿನೈದು ಹೆಜ್ಜೆಯ ದಾರಿ ಕೊಟ್ಟಿತು. ಸೂಜೌ ಸುತ್ತಮುತ್ತ ಈಗ ‘ಎರಡು ತುದಿಯ ಮದುವೆ’ ಎಂಬ ಪದ್ಧತಿಯೂ ಇದೆ: ಹೆಣ್ಣು ಕೊಟ್ಟದ್ದೂ ಅಲ್ಲ, ಅಳಿಯ ಮನೆತುಂಬಿದ್ದೂ ಅಲ್ಲ. ಎರಡೂ ಮನೆಗಳಲ್ಲಿ ಕೋಣೆ ಸಿದ್ಧವಿರುತ್ತದೆ, ಮಕ್ಕಳಾದರೆ ಒಂದಕ್ಕೆ ತಂದೆಯ ಮನೆತನದ ಹೆಸರು, ಇನ್ನೊಂದಕ್ಕೆ ತಾಯಿಯದು. ನಿಮ್ಮ ಗೆಳತಿಯದೂ ಅಂಥದ್ದಾಗಿರಬಹುದು.

ಐದನೆಯ ಮಹಡಿಯ ಆ ಮನೆಯ ಅಪ್ಪ ನಿವೃತ್ತ ಬಸ್ ಚಾಲಕ. ಮಧ್ಯಾಹ್ನವೇ ಹೋಟೆಲಿಗೆ ಬಂದು, ಖಾಲಿ ಸಭಾಂಗಣದಲ್ಲಿ ಹೊಸ ಬೂಟು ಹಾಕಿಕೊಂಡು, ಎಷ್ಟು ನಿಧಾನ ನಡೆಯಬೇಕೆಂದು ನಿರೂಪಕನೊಂದಿಗೆ ನಾಲ್ಕು ಬಾರಿ ಅಭ್ಯಾಸ ಮಾಡಿದ್ದರು. ಸಂಜೆ ಅವರು ಮಗಳ ಕೈಯನ್ನು ಅಳಿಯನ ಅಂಗೈಯಲ್ಲಿಟ್ಟರು, ಆದರೆ ತಮ್ಮ ಕೈ ತೆಗೆಯಲಿಲ್ಲ. ಮೂರು ಕೈಗಳು ಒಂದರ ಮೇಲೊಂದು ಹಾಗೇ ಇದ್ದವು. ನಿರೂಪಕ ಮಾತು ನಿಲ್ಲಿಸಿ ಕಾದ. ಆಮೇಲೆ ಅಪ್ಪ ಇನ್ನೊಂದು ಕೈಯಿಂದ ಮಗಳ ಮುಸುಕಿನ ಮಡಚಿದ್ದ ಅಂಚನ್ನು ಹೆಬ್ಬೆರಳಿನಿಂದ ನೇರ ಮಾಡಿ, ಹಿಂದೆ ಸರಿದು, ಯಾರ ಮುಖವನ್ನೂ ನೋಡದೆ ವೇದಿಕೆ ಇಳಿದರು. ಮೊದಲ ಮೇಜಿನಲ್ಲಿ ಕುಳಿತಿದ್ದ ಅಮ್ಮ ಅವರತ್ತ ಒಂದು ಕರವಸ್ತ್ರ ಸರಿಸಿದರು.

ಮುಂದಿನದೆಲ್ಲ ಬೇಗ ಸಾಗುತ್ತದೆ. ‘ಒಪ್ಪಿಗೆಯೇ?’ ‘ಒಪ್ಪಿಗೆ’ ಎಂಬ ಪ್ರಶ್ನೋತ್ತರ, ಉಂಗುರ, ಲೋಟಗಳ ಗೋಪುರಕ್ಕೆ ಷಾಂಪೇನ್ ಸುರಿಯುವುದು, ಕೇಕು. ಎಲ್ಲ ಅಂತಸ್ತುಗಳೂ ತಿನ್ನುವ ಕೇಕಲ್ಲ, ಹಲವು ಕಡೆ ಚಾಕು ಇಳಿಯುವ ಒಂದು ಪದರ ಬಿಟ್ಟು ಉಳಿದದ್ದು ಥರ್ಮಕೋಲ್. ನಡುವೆ ಇಬ್ಬರೂ ತಿರುಗಿ ಎರಡೂ ಕಡೆಯ ತಂದೆ-ತಾಯಿಗೆ ನಡು ಬಗ್ಗಿಸಿ ವಂದಿಸುತ್ತಾರೆ. ಇದು ಹಳೆಯ ವಿಧಿಯಿಂದ ಉಳಿದು ಬಂದದ್ದು, ಆದರೆ ಬೀಗರಿಬ್ಬರೂ ಸಮಸಮ ನಿಂತಿರುವುದು ಹೊಸತು. ಅರ್ಧ ಗಂಟೆಯೊಳಗೆ ಗೌನು ಮರೆಯಾಗುತ್ತದೆ. ವಧು ಚೀಪಾವ್ ಎಂಬ, ಮೈಗೊಪ್ಪುವ ಉದ್ದನೆಯ ಕೆಂಪು ಚೀನೀ ಉಡುಪು ತೊಟ್ಟು ಮರಳಿ ಬಂದು, ವರನೊಂದಿಗೆ ಪ್ರತಿಯೊಂದು ಮೇಜಿಗೂ ಹೋಗಿ ಪಾನೀಯದ ಲೋಟ ಎತ್ತುತ್ತಾಳೆ. ನಿಮ್ಮ ಮೇಜಿಗೆ ಬಂದಾಗ ಎದ್ದು ನಿಲ್ಲಿ, ನಿಮ್ಮ ಲೋಟದ ಅಂಚು ಅವರದಕ್ಕಿಂತ ತುಸು ಕೆಳಗಿರಲಿ. ಮದ್ಯ ಬೇಡವಾದರೆ ಹಣ್ಣಿನ ರಸ ಎತ್ತಿದರೂ ಯಾರೂ ಬೇಸರಪಡುವುದಿಲ್ಲ.

ಉಡುಪಿನ ಪ್ರಶ್ನೆಗೆ: ರೇಷ್ಮೆ ಸೀರೆ ಉಡಿ, ಎಲ್ಲರಿಗೂ ಸಂಭ್ರಮವಾಗುತ್ತದೆ. ಆದರೆ ಪೂರ್ತಿ ಕೆಂಪು ಬೇಡ, ಅದು ವಧುವಿನ ಬಣ್ಣ. ನಮ್ಮ ಬಿಳಿ ಧಾರೆ ಸೀರೆಯಂಥದ್ದೂ ಬೇಡ, ಅಚ್ಚ ಕಪ್ಪೂ ಬೇಡ. ನವಿಲುನೀಲಿ ಅಥವಾ ಹಸಿರು ಮೈಸೂರು ರೇಷ್ಮೆ ಚೆನ್ನಾಗಿರುತ್ತದೆ. ನಿಮ್ಮೊಂದಿಗೆ ಗಂಡಸರು ಬರುವುದಾದರೆ ಹಸಿರು ಟೋಪಿ, ಹಸಿರು ಪೇಟ ಮಾತ್ರ ಖಂಡಿತ ಬೇಡ, ಹೆಂಡತಿ ಮೋಸ ಮಾಡಿದ್ದಾಳೆ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ.

ಉಡುಗೊರೆಯ ವಿಷಯದಲ್ಲಿ ನಮ್ಮ ಅಭ್ಯಾಸವೇ ನಮಗೆ ಅಪಾಯ. ನಾವು 501, 1001 ಎಂದು ಮೇಲೊಂದು ಸೇರಿಸಿ ಕೊಡುತ್ತೇವೆ. ಅಲ್ಲಿ ಶುಭಕ್ಕೆ ಸಮಸಂಖ್ಯೆ, ಬೆಸ ಸಂಖ್ಯೆಯ ಹಣ ಬಿಳಿ ಲಕೋಟೆಯಲ್ಲಿ ಸಾವಿನ ಮನೆಗೆ ಹೋಗುವುದು. ಆದ್ದರಿಂದ ಕೆಂಪು ಲಕೋಟೆ, ಹೊಸ ನೋಟು, 600, 800, 1000 ಯುವಾನ್ ಇಂಥ ಮೊತ್ತ. ನಾಲ್ಕರ ಅಂಕಿ ಬರಬಾರದು, ಅದರ ಉಚ್ಚಾರ ಸಾವಿನ ಪದವನ್ನು ಹೋಲುತ್ತದೆ. ಎಷ್ಟೆಂದು ಅಲ್ಲಿನ ಸಹೋದ್ಯೋಗಿಯೊಬ್ಬರನ್ನು ಕೇಳಿ, ಒಂದೇ ಕಚೇರಿಯವರು ಒಂದೇ ಮೊತ್ತ ಕೊಡುವುದು ವಾಡಿಕೆ. ಬಾಗಿಲಲ್ಲಿ ಒಬ್ಬರು ಪುಸ್ತಕ ಇಟ್ಟುಕೊಂಡು ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಿಯಂತೆಯೇ ಅದು, ನಿಮ್ಮ ಮನೆಯ ಮದುವೆಗೆ ಅವಳು ಅದಕ್ಕಿಂತ ಕಡಿಮೆಯಿಲ್ಲದಂತೆ ಮರಳಿಸಬೇಕು. ವಸ್ತುವನ್ನೂ ಕೊಡಬೇಕೆನಿಸಿದರೆ ಗಡಿಯಾರ, ಕೊಡೆ ಬಿಟ್ಟುಬಿಡಿ. ಮೊದಲನೆಯದರ ಹೆಸರು ಅಂತ್ಯಸಂಸ್ಕಾರವನ್ನು, ಎರಡನೆಯದರದು ಅಗಲಿಕೆಯನ್ನು ನೆನಪಿಸುತ್ತದೆ. ಮೈಸೂರಿನ ಶ್ರೀಗಂಧದ ಸಣ್ಣ ಕೆತ್ತನೆ ಒಯ್ಯಿರಿ, ಅಂಗಡಿಯ ಬಿಲ್ಲು ಜೊತೆಗಿರಲಿ. ನಮ್ಮ ಗಂಧಕ್ಕೆ ಚೀನಾದಲ್ಲಿ ‘ಲಾವ್‌ಶಾನ್ ತಾನ್’, ಹಳೆಯ ಬೆಟ್ಟದ ಗಂಧ ಎಂಬ ಹೆಸರಿದೆ. ಹಿರಿಯರು ಮೂಗಿನ ಹತ್ತಿರ ಹಿಡಿದೊಡನೆ ಗುರುತಿಸುತ್ತಾರೆ.

ಸಸ್ಯಾಹಾರಿಯಾಗಿದ್ದರೆ ವಾರದ ಮೊದಲೇ ತಿಳಿಸಿ. ‘ವೊ ಚ್ರ್ ಸು’ ಎಂದರೆ ನಾನು ಸಸ್ಯಾಹಾರಿ ಎಂದರ್ಥ, ಬೌದ್ಧ ಸಂಪ್ರದಾಯ ಬೇರೂರಿದ ನಾಡಾದ್ದರಿಂದ ಅಡುಗೆಯವರಿಗೆ ಆ ಮಾತು ಹೊಸತಲ್ಲ. ಮೇಜಿನ ನಡುವಿನ ಇಡೀ ಮೀನನ್ನು ನೀವು ಮುಟ್ಟದಿದ್ದರೂ ನಡೆಯುತ್ತದೆ. ಎರಡು ಗಂಟೆಯೊಳಗೆ ಜನ ಏಳಲು ತೊಡಗುತ್ತಾರೆ, ಕುಣಿತವೇನೂ ಇರುವುದಿಲ್ಲ, ನೀವೂ ಏಳಿ. ನಿಮ್ಮ ತಟ್ಟೆಯ ಪಕ್ಕದಲ್ಲಿ ಮಿಠಾಯಿ ತುಂಬಿದ ಪುಟ್ಟ ಕೆಂಪು ಡಬ್ಬಿ ಇರುತ್ತದೆ. ಅದನ್ನು ಮರೆತು ಬರಬೇಡಿ, ಬೆಂಗಳೂರಿನ ಕಚೇರಿಯಲ್ಲಿ ಹಂಚಲು ಇನ್ನೆರಡು ಕೇಳಿ ತೆಗೆದುಕೊಳ್ಳಿ. ಹೊರಡುವಾಗ ಬಾಗಿಲಲ್ಲಿ ಅವಳ ಅಪ್ಪ-ಅಮ್ಮ ನಿಂತಿದ್ದರೆ ಮೊದಲು ಅವರಿಗೆ ಎರಡೂ ಕೈ ಕೊಟ್ಟು ಅಭಿನಂದನೆ ಹೇಳಿ.